ಶೈತ್ಯಾಗಾರಕ್ಕೆ ನೀರೆಲ್ಲಿಂದ ಬಂತು?

ಅಂಗಡಿಯಿಂದ ತಂದ ಐಸ್‌ಕ್ರೀಮಿನ ಡಬ್ಬಿಯ ಮುಚ್ಚಳ ತೆಗೆದಾಗ ಅದರ ಮೇಲೆ ಸಕ್ಕರೆಯ ಹರಳುಗಳಂತೆ ಮಂಜಿನ ಪುಡಿ ಕುಳಿತಿರುವುದನ್ನು ನೀವು ಕಂಡಿರಬಹುದು. ಬಿಡಿಬಿಡಿಯಾಗಿ ಉದುರಬೇಕಾದ ಹಸಿ ಬಟಾಣಿಯ ಕಾಳುಗಳು ಪೊಟ್ಟಣದೊಳಗೆ ಒಂದೇ ಉಂಡೆಯಾಗಿ ಅಂಟಿಕೊಂಡಿರುವುದೂ ಉಂಟು. "ಎಷ್ಟು ಚೆನ್ನಾಗಿ ಹೆಪ್ಪುಗಟ್ಟಿದೆ!" ಎಂದು ಮಕ್ಕಳು ಹಿಗ್ಗಬಹುದು, ಹಿರಿಯರು ಹಿಗ್ಗಬೇಕಾದ ಕಾರಣವಿಲ್ಲ. ಆ ಪದಾರ್ಥವು ನಮ್ಮ ಕೈಸೇರುವ ಮೊದಲೇ ಎಲ್ಲಿಯೋ ತುಸು ಬೆಚ್ಚಗಾಗಿ, ಮತ್ತೆ ಹೆಪ್ಪುಗಟ್ಟಿದೆ ಎಂಬುದಕ್ಕೆ ಆ ಹರಳುಗಳೇ ಸಾಕ್ಷಿ.

ಎಲ್ಲಿಯೋ ಎಂದರೆ ಎಲ್ಲಿ? ದೊಡ್ಡ ಹೋಟೆಲಿನ ಅಡಿಗೆಮನೆಯ ಹಿಂಭಾಗದಲ್ಲಿ, ಐಸ್‌ಕ್ರೀಮಿನ ಕಾರ್ಖಾನೆಯಲ್ಲಿ, ಮೀನಿನ ವ್ಯಾಪಾರಿಯ ಗೋದಾಮಿನಲ್ಲಿ ಒಂದು ಕೋಣೆ ಇರುತ್ತದೆ. ಅದನ್ನು ವಾಕ್‌-ಇನ್‌ ಫ್ರೀಜರ್ ಎನ್ನುತ್ತಾರೆ. ಮನುಷ್ಯನು ಬಾಗಿಲು ತೆರೆದು ಒಳಕ್ಕೆ ನಡೆದು ಹೋಗಬಹುದಾದಷ್ಟು ದೊಡ್ಡ ಶೀತಪೆಟ್ಟಿಗೆ ಅದು. ಒಳಗಿನ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅಥವಾ ಇನ್ನೂ ಕಡಿಮೆ. ಈ ಕೋಣೆ ಆರೋಗ್ಯವಾಗಿದ್ದರೆ ಒಳಗೆ ಎಲ್ಲವೂ ಒಣಗಿರಬೇಕು. ಆದರೆ ಎಷ್ಟೋ ಕಡೆ ಚಾವಣಿಯಿಂದ ಮಂಜಿನ ಕೋಲುಗಳು ಇಳಿಬಿದ್ದಿರುತ್ತವೆ. ನೆಲ ಗಾಜಿನಂತೆ ಜಾರುತ್ತದೆ. ಹೊರಗೋಡೆ ಬೆವರಿ ಕೆಳಗೆ ನೀರು ನಿಂತಿರುತ್ತದೆ. ಮಾಲೀಕರು ಯಂತ್ರವನ್ನು ಬೈಯುತ್ತಾರೆ. ಮೆಕ್ಯಾನಿಕ್ ಬಂದು "ಗ್ಯಾಸ್ ಕಡಿಮೆಯಾಗಿದೆ" ಎಂದು ತುಂಬಿ ಹೋಗುತ್ತಾನೆ. ಎಂಟು ದಿನ ಕಳೆಯುವುದರೊಳಗೆ ಮಂಜು ಮತ್ತೆ ಪ್ರತ್ಯಕ್ಷ!

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿ ಒಂದೇ. ಯಂತ್ರವು ನೀರನ್ನು ಸೃಷ್ಟಿಸುವುದಿಲ್ಲ. ಆ ನೀರಿನ ಬಹುಪಾಲು ಹೊರಗಿನ ಗಾಳಿಯೊಡನೆ ಒಳಗೆ ಬಂದದ್ದು. ಬಂದ ದಾರಿಯನ್ನು ಪತ್ತೆಮಾಡದೆ ಬಂದ ನೀರನ್ನು ಮಾತ್ರ ಒರೆಸುತ್ತಿದ್ದರೆ, ಸೂರು ಸೋರುವಾಗ ಕೆಳಗೆ ಪಾತ್ರೆ ಇಟ್ಟು ಸುಮ್ಮನಿದ್ದಂತಾಗುವುದು.

ಇಬ್ಬನಿ ಕಲಿಸಿದ ಪಾಠ

ಇಬ್ಬನಿ ಆಕಾಶದಿಂದ ಬೀಳುತ್ತದೆ ಎಂದು ಬಹುಕಾಲ ಜನ ನಂಬಿದ್ದರು. ಲಂಡನ್ನಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬಾತ ಈ ನಂಬಿಕೆಯನ್ನು ಪರೀಕ್ಷಿಸಲು ಹೊರಟನು. ಸಮತೂಕದ ಉಣ್ಣೆಯ ಚಿಕ್ಕ ಉಂಡೆಗಳನ್ನು ರಾತ್ರಿಯ ಹೊತ್ತು ಬೇರೆ ಬೇರೆ ಕಡೆಗಳಲ್ಲಿ ಇರಿಸಿ, ಬೆಳಗ್ಗೆ ಯಾವುದರ ತೂಕ ಎಷ್ಟು ಹೆಚ್ಚಿದೆ ಎಂದು ಅಳೆದನು. 1814ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಸಾರವಿಷ್ಟು: ಇಬ್ಬನಿ ಬೀಳುವುದಿಲ್ಲ, ಮೂಡುತ್ತದೆ. ಗಾಳಿಯಲ್ಲಿ ಕಣ್ಣಿಗೆ ಕಾಣದೆ ಅಡಗಿರುವ ನೀರಾವಿಯು ತಣ್ಣನೆಯ ವಸ್ತುವನ್ನು ಮುಟ್ಟಿದಾಗ ಹನಿಯಾಗುತ್ತದೆ. ಹನಿಗೂಡಲು ಆರಂಭವಾಗುವ ಉಷ್ಣತೆಗೆ ಇಬ್ಬನಿ ಬಿಂದುವೆಂದು ಹೆಸರು.

ತಣ್ಣೀರಿನ ಲೋಟದ ಹೊರಮೈ ಬೆವರುವುದೂ, ಶೈತ್ಯಾಗಾರದ ಬಾಗಿಲ ಚೌಕಟ್ಟು ಬೆವರುವುದೂ ಇದೇ ನಿಯಮದಿಂದ. ತಣ್ಣನೆಯ ಮೈ ಸೊನ್ನೆಗಿಂತ ಕೆಳಗಿದ್ದರೆ ಹನಿಯ ಬದಲು ಮಂಜಿನ ಪುಡಿ ಕೂರುವುದು, ಅಷ್ಟೇ ವ್ಯತ್ಯಾಸ.

ಶೈತ್ಯಾಗಾರಕ್ಕೆ ಬೇಸಗೆಯೇ ಪರಮಶತ್ರುವೆಂದು ನಾವು ಭಾವಿಸುತ್ತೇವೆ. ಲೆಕ್ಕ ಬೇರೆಯೇ ಹೇಳುತ್ತದೆ. ರಾಯಚೂರಿನಂಥ ಊರಿನ ಒಣ ಮಧ್ಯಾಹ್ನ, ಉಷ್ಣತೆ 33 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 30 ಎಂದು ಇಟ್ಟುಕೊಳ್ಳೋಣ. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 11 ಗ್ರಾಂ ನೀರು ಇರುವುದು. ಮಂಗಳೂರಿನ ಮಳೆಗಾಲದ ಒಂದು ದಿನ, ಉಷ್ಣತೆ 27 ಡಿಗ್ರಿ ಮಾತ್ರ, ಆದರೆ ತೇವಾಂಶ ಶೇಕಡಾ 90 ಎನ್ನೋಣ. ಅದೇ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು! ಮೈಗೆ ಹಿತವೆನಿಸುವ ಮಳೆಗಾಲದ ಗಾಳಿ ಸುಡುಬಿಸಿಲಿನ ಗಾಳಿಗಿಂತ ಇಮ್ಮಡಿ ನೀರನ್ನು ಹೊತ್ತು ತರುತ್ತದೆ. ಒಳಗಿನ 18 ಡಿಗ್ರಿ ಚಳಿಯ ಗಾಳಿಯಾದರೋ ಹೆಚ್ಚೆಂದರೆ ಒಂದು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಉಳಿದ 22 ಗ್ರಾಂ ಎಲ್ಲಿ ಹೋಗಬೇಕು? ಸಿಕ್ಕಿದ ತಣ್ಣನೆಯ ಮೈಯ ಮೇಲೆಲ್ಲ ಮಂಜಾಗಿ ಕೂರಬೇಕು.

ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿ 30 ಘನ ಮೀಟರ್ ಗಾಳಿ ಇರುತ್ತದೆ. ಬಾಗಿಲು ತೆರೆದಿಟ್ಟು ಒಂದು ಸಲ ಅಷ್ಟೂ ಗಾಳಿ ಬದಲಾಯಿತೆಂದರೆ ಅರ್ಧ ಲೀಟರಿಗೂ ಮೀರಿದ ನೀರು ಒಳಗೆ ಬಂತೆಂದು ಅರ್ಥ. ದಿನಕ್ಕೆ ಹತ್ತು ಸಲ ಹಾಗಾದರೆ ಆರು ಲೀಟರಿಗೂ ಹೆಚ್ಚು. ಬಿಂದಿಗೆಯಲ್ಲಿ ತಂದು ಸುರಿದಿದ್ದರೆ ಯಾರಾದರೂ ತಡೆಯುತ್ತಿದ್ದರು. ಗಾಳಿಯಲ್ಲಿ ಬಂದ ನೀರನ್ನು ತಡೆಯುವವರಿಲ್ಲ.

ಮಂಜು ಕುಳಿತ ಜಾಗವೇ ಸುಳಿವು

ಒಳ್ಳೆಯ ವೈದ್ಯರು ರೋಗಿಯನ್ನು ಕಂಡೊಡನೆ ಔಷಧಿ ಬರೆಯುವುದಿಲ್ಲ. ನೋವು ಎಲ್ಲಿ, ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಕೇಳುತ್ತಾರೆ. ಶೈತ್ಯಾಗಾರದ ವಿಷಯದಲ್ಲಿಯೂ ಹಾಗೆಯೇ. ಮಂಜನ್ನು ಕೆರೆದು ಹಾಕುವ ಮೊದಲು ಅದು ಎಲ್ಲಿ ಕುಳಿತಿದೆ ಎಂದು ನಿಂತು ನೋಡಬೇಕು. ಕೆರೆದು ಹಾಕಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಬಾಗಿಲಿನ ಒಳಮಗ್ಗುಲಲ್ಲಿ, ಅದರ ಎದುರಿನ ಚಾವಣಿಯಲ್ಲಿ ಹತ್ತಿಯಂತೆ ಸಡಿಲವಾದ ಮಂಜು ಕಂಡರೆ ಅಪರಾಧಿ ಬಾಗಿಲೇ. ತಣ್ಣನೆಯ ಗಾಳಿ ಭಾರವಾದುದರಿಂದ ತೆರೆದ ಬಾಗಿಲಿನ ತಳಭಾಗದಿಂದ ಹೊರಕ್ಕೆ ಹರಿಯುವುದು. ಅದರ ಸ್ಥಾನಕ್ಕೆ ಬಿಸಿ ಗಾಳಿ ಮೇಲ್ಭಾಗದಿಂದ ಒಳನುಗ್ಗಿ ಚಾವಣಿಯನ್ನು ಮುಟ್ಟುವುದು. ಬಾಗಿಲನ್ನು ಎಷ್ಟು ಹೊತ್ತು ತೆರೆದಿಡುತ್ತಾರೆ, ಪ್ಲಾಸ್ಟಿಕ್ ಪಟ್ಟಿಗಳ ಪರದೆ ಹರಿದಿದೆಯೇ, ಕೆಲಸದವರು ಅದನ್ನು ಅಡ್ಡಿಯೆಂದು ಪಕ್ಕಕ್ಕೆ ಕಟ್ಟಿಟ್ಟಿದ್ದಾರೆಯೇ, ಇವನ್ನು ವಿಚಾರಿಸಬೇಕು.

ಚೌಕಟ್ಟಿನ ಒಂದು ಮೂಲೆಯಲ್ಲಿ ಮಾತ್ರ ಗಟ್ಟಿಯಾದ ಮಂಜು ಕಂಡರೆ ರಬ್ಬರಿನ ಗ್ಯಾಸ್ಕೆಟ್ ಅಲ್ಲಿ ಸೀಳಿದೆ, ಅಥವಾ ಬಾಗಿಲು ಜೋತುಬಿದ್ದಿದೆ. ಹಿಮವು ರಬ್ಬರಿಗೆ ಅಂಟದಂತೆ ಚೌಕಟ್ಟಿನೊಳಗೆ ಸಣ್ಣ ಹೀಟರಿನ ತಂತಿ ಹಾಯಿಸಿರುತ್ತಾರೆ. ಅದು ಸುಟ್ಟುಹೋದರೆ ಚೌಕಟ್ಟು ಸುತ್ತಲೂ ಬೆವರುವುದು, ರಬ್ಬರು ಅಂಟಿಕೊಂಡು ಹರಿಯುವುದು. ಚೌಕಟ್ಟನ್ನು ಕೈಯಿಂದ ಮುಟ್ಟಿದಾಗ ತುಸು ಬೆಚ್ಚಗಿರಬೇಕು. ಕೊರೆಯುವಷ್ಟು ತಣ್ಣಗಿದ್ದರೆ ಸಂದೇಹಪಡಬೇಕು.

ಇನ್ನೊಂದು ವಿಚಿತ್ರ. ಬಾಗಿಲು ಮುಚ್ಚಿದ ಮರುಕ್ಷಣ ಮತ್ತೆ ತೆರೆಯಲು ಹೋದರೆ ಯಾರೋ ಒಳಗಿನಿಂದ ಹಿಡಿದೆಳೆದಂತೆ ಭಾಸವಾಗುವುದು. ಒಳಗೆ ಸಿಕ್ಕಿಬಿದ್ದ 30 ಡಿಗ್ರಿಯ ಗಾಳಿ 18 ಡಿಗ್ರಿ ಚಳಿಗೆ ಇಳಿಯುವಾಗ ಆರರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ಕೋಣೆಯು ಸಿಕ್ಕ ಸಿಕ್ಕ ಬಿರುಕಿನಿಂದ ಗಾಳಿಯನ್ನು ಹೀರುವುದು. ಇದಕ್ಕಾಗಿಯೇ ಗೋಡೆಯಲ್ಲಿ ಒಂದು ಗಾಳಿಕಿಂಡಿಯನ್ನು ಹೀಟರ್ ಸಮೇತ ಇರಿಸುವುದುಂಟು. ಆ ಕಿಂಡಿ ಮಂಜಿನಿಂದ ಮುಚ್ಚಿಹೋದರೆ ಕೋಣೆಯು ಗ್ಯಾಸ್ಕೆಟ್ಟಿನಿಂದಲೋ ಗೋಡೆಯ ಸಂದಿನಿಂದಲೋ ಉಸಿರೆಳೆಯಲು ಆರಂಭಿಸುವುದು.

ಸುರುಳಿಯ ಮೇಲಿನ ಮಂಜು

ಗಾಳಿಯನ್ನು ತಂಪುಗೊಳಿಸುವ ಸುರುಳಿಯ ಮೇಲೆ, ಅಂದರೆ ಕಾಯಿಲಿನ ಮೇಲೆ, ತೆಳುವಾಗಿ ಸಮನಾಗಿ ಮಂಜು ಹಬ್ಬಿದ್ದರೆ ಅದು ಆರೋಗ್ಯದ ಲಕ್ಷಣ. ಬಂದ ತೇವವನ್ನು ಹಿಡಿಯುವ ಕೆಲಸವೂ ಆ ಸುರುಳಿಯದೇ. ದಿನಕ್ಕೆ ಕೆಲವು ಸಲ ಹೀಟರು ತಾನಾಗಿ ಹೊತ್ತಿಕೊಂಡು ಆ ಮಂಜನ್ನು ಕರಗಿಸಿ ಕೊಳವೆಯ ಮೂಲಕ ಹೊರಕ್ಕೆ ಹರಿಸುವುದು. ಇದಕ್ಕೆ ಡಿಫ್ರಾಸ್ಟ್ ಎಂದು ಹೆಸರು.

ಸುರುಳಿಯ ರೆಕ್ಕೆಗಳೇ ಕಾಣದಂತೆ ಮಂಜುಗಡ್ಡೆ ಮುಚ್ಚಿದ್ದರೆ ಡಿಫ್ರಾಸ್ಟ್ ನಡೆಯುತ್ತಿಲ್ಲ; ಇಲ್ಲವೇ ಕರಗಿಸಲಾಗದಷ್ಟು ತೇವ ಒಳಗೆ ಬರುತ್ತಿದೆ. ಇವೆರಡರಲ್ಲಿ ಯಾವುದೆಂದು ತಿಳಿಯಲು ಡಿಫ್ರಾಸ್ಟಿನ ಹೊತ್ತಿನಲ್ಲಿ ನಿಂತು ನೋಡುವುದೊಂದೇ ಉಪಾಯ. ಹೀಟರು ಕಾಯದಿದ್ದರೆ ದೋಷ ವಿದ್ಯುತ್ತಿನದು. ಹೀಟರು ಕಾದು, ಮಂಜು ಕರಗಿ, ಕೆಲವೇ ಗಂಟೆಗಳಲ್ಲಿ ಮತ್ತೆ ಮುಚ್ಚಿಕೊಂಡರೆ ದೋಷ ಬಾಗಿಲಿನದು. ಸುರುಳಿಯ ಒಂದು ತುದಿಯಲ್ಲಿ ಮಾತ್ರ ಮಂಜು ಕುಳಿತು ಉಳಿದ ಭಾಗ ಬರಿದಾಗಿದ್ದರೆ ಆಗ ಗ್ಯಾಸಿನ ಕೊರತೆಯನ್ನು ಶಂಕಿಸಬಹುದು. ಆಗಲೂ ಒಂದು ಮಾತು ನೆನಪಿರಲಿ: ಗ್ಯಾಸು ಲಾಂದ್ರದ ಎಣ್ಣೆಯಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವಂಥದು. ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿದೆ ಎಂದರ್ಥ. ಸೋರಿಕೆಯನ್ನು ಮುಚ್ಚದೆ ಮತ್ತೆ ಮತ್ತೆ ತುಂಬಿಸುವುದು ಹಣ ಪೋಲುಮಾಡಿದಂತೆ.

ನಮ್ಮ ಕಡೆ ಕರೆಂಟು ಹೋಗುವುದು ಹೊಸತಲ್ಲ. ಡಿಫ್ರಾಸ್ಟಿನ ಹೊತ್ತನ್ನು ಗೊತ್ತುಮಾಡುವ ಹಳೆಯ ಮಾದರಿಯ ಗಡಿಯಾರಗಳು ಕರೆಂಟು ಹೋದಾಗ ನಿಂತುಬಿಡುತ್ತವೆ. ರಾತ್ರಿ ಎರಡು ಗಂಟೆಗೆ ನಡೆಯಬೇಕಾದ ಡಿಫ್ರಾಸ್ಟ್, ಹೀಗೆ ಹಿಂದೆ ಬಿದ್ದು ಬಿದ್ದು, ಬೆಳಗಿನ ವ್ಯಾಪಾರದ ಗದ್ದಲದಲ್ಲಿ ನಡೆಯುವುದು. ಬಾಗಿಲು ಪದೇ ಪದೇ ತೆರೆಯುವ ಹೊತ್ತಿನಲ್ಲಿಯೇ ಒಳಗೆ ಹೀಟರೂ ಉರಿದರೆ ಐಸ್‌ಕ್ರೀಮಿನ ಗತಿಯೇನು? ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ. ಗಡಿಯಾರದ ಮುಳ್ಳನ್ನು ಸರಿಪಡಿಸಿದರೆ ಸಾಕು.

ಫ್ಯಾನುಗಳ ವಿಷಯವೂ ಸ್ವಲ್ಪವಿದೆ. ಮಂಜು ಕರಗಿದೊಡನೆ ಫ್ಯಾನು ತಿರುಗಬಾರದು. ಸುರುಳಿಯಲ್ಲಿ ಉಳಿದ ಹನಿಗಳು ಮತ್ತೆ ಹೆಪ್ಪುಗಟ್ಟುವವರೆಗೆ ಒಂದೆರಡು ನಿಮಿಷ ತಡೆಯಬೇಕು. ತಡೆಯದಿದ್ದರೆ ಬೆಚ್ಚಗಿನ ಹಬೆಯೂ ಹನಿಗಳೂ ಹಾರಿ ಸುರುಳಿಯ ಎದುರಿನ ಚಾವಣಿಯಲ್ಲಿಯೂ ಪೆಟ್ಟಿಗೆಗಳ ಮೇಲೂ ಮಂಜಾಗುವುವು. ಆ ಮಂಜು ಬಾಗಿಲ ಬಳಿ ಇರದೆ ಸುರುಳಿಯ ಬಳಿಯೇ ಇರುವುದರಿಂದ ಗುರುತಿಸುವುದು ಕಷ್ಟವಲ್ಲ.

ಕೆಳಗಿನ ತಟ್ಟೆಯಲ್ಲಿ ಮಂಜುಗಡ್ಡೆ ಕಟ್ಟಿದ್ದರೆ ನೀರು ಹರಿಯುವ ಕೊಳವೆ ಒಳಗೇ ಹೆಪ್ಪುಗಟ್ಟಿದೆ. ಈ ಕೊಳವೆಗೆ ಇಳಿಜಾರೂ ಬೇಕು, ಹೀಟರೂ ಬೇಕು. ಹೊರಗೆ ಬೆಚ್ಚಗಿನ ಜಾಗದಲ್ಲಿ ನೀರು ನಿಲ್ಲುವ ಬಾಗು ಇರಬೇಕು. ನಮ್ಮ ಬಚ್ಚಲ ಕೊಳವೆಯ ಬಾಗು ದುರ್ವಾಸನೆಯನ್ನು ತಡೆಯುವಂತೆ ಇದು ಹೊರಗಾಳಿಯನ್ನು ತಡೆಯುವುದು. ಬಾಗು ಇಲ್ಲದಿದ್ದರೆ ನೀರು ಹೋಗುವ ದಾರಿಯಲ್ಲಿಯೇ ತೇವದ ಗಾಳಿ ಹಿಂದಕ್ಕೆ ಬರುವುದು.

ಗೋಡೆಯೊಳಗಿನ ಗುಪ್ತರೋಗ

ಇಲ್ಲಿಯವರೆಗೆ ಹೇಳಿದವು ಕಣ್ಣಿಗೆ ಕಾಣುವ ರೋಗಗಳು. ಕಾಣದೆ ಬೆಳೆಯುವ ರೋಗವೊಂದುಂಟು; ಅದೇ ಹೆಚ್ಚು ಅಪಾಯಕರ.

ಇಂದಿನ ಶೈತ್ಯಾಗಾರಗಳ ಗೋಡೆ ಎಂದರೆ ಎರಡು ತಗಡುಗಳ ನಡುವೆ ಪಾಲಿಯುರಿಥೇನ್ ನೊರೆ ತುಂಬಿದ ಹಲಗೆಗಳು. ಪಫ್ ಪ್ಯಾನೆಲ್ ಎಂದು ಕೆಲಸಗಾರರು ಕರೆಯುತ್ತಾರೆ. ನೊರೆಯ ಗುಳ್ಳೆಗಳಲ್ಲಿ ಸಿಕ್ಕಿರುವ ಅನಿಲವೇ ಶಾಖವನ್ನು ತಡೆಯುವುದು. ನೀರಾವಿಯಾದರೋ ತೇವ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಅಂದರೆ ಹೊರಗಿನಿಂದ ಒಳಗೆ, ಹಗಲಿರುಳೂ ನುಗ್ಗಲು ಹವಣಿಸುತ್ತಿರುತ್ತದೆ. ಹಲಗೆಗಳ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಅದು ಗೋಡೆಯೊಳಗೆ ಸೇರಿ, ಸೊನ್ನೆ ಡಿಗ್ರಿಯ ಎಡೆಯನ್ನು ದಾಟಿದೊಡನೆ ಮಂಜುಗಡ್ಡೆಯಾಗುವುದು. ಮಂಜುಗಡ್ಡೆಯು ನೊರೆಗಿಂತ ಹೆಚ್ಚುಕಡಿಮೆ ನೂರುಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಶಾಖವನ್ನು ತಡೆಯಬೇಕಾದ ಗೋಡೆಯೇ ಶಾಖಕ್ಕೆ ಸೇತುವೆಯಾಗುವುದು!

ಇದರ ಗುರುತು ಗೋಡೆಯ ಹೊರಮೈಯಲ್ಲಿದೆ. ಮಳೆಗಾಲದ ಮಂಗಳೂರಿನಲ್ಲಿ 27 ಡಿಗ್ರಿಯ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿ. ಅಂದರೆ ಹೊರಮೈ ಎರಡೇ ಡಿಗ್ರಿ ತಣ್ಣಗಾದರೂ ಬೆವರುವುದು. ಒಣ ರಾಯಚೂರಿನ 33 ಡಿಗ್ರಿಯ ಮಧ್ಯಾಹ್ನದಲ್ಲಿ ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ಅಲ್ಲಿ ಅದೇ ಗೋಡೆ ಇನ್ನೂ ಬಹಳ ತಣ್ಣಗಾದರೂ ಒಣಗಿಯೇ ಇರುವುದು. ಆದುದರಿಂದ ಕರಾವಳಿಯಲ್ಲಿ ಬೆವರು ಕಂಡೊಡನೆ ಗೋಡೆ ಕೆಟ್ಟಿತೆಂದು ಹೆದರಬೇಕಿಲ್ಲ. ಬೆವರಿನ ಆಕಾರವನ್ನು ನೋಡಬೇಕು. ಗಾಳಿಯಾಡದ ಮೂಲೆಯಲ್ಲಿ, ಪೆಟ್ಟಿಗೆಗಳನ್ನು ಒತ್ತಿ ಪೇರಿಸಿದ ಕಡೆ ಇಡಿಯ ಗೋಡೆ ಮಬ್ಬಾಗಿ ಬೆವರಿದರೆ ಅಲ್ಲಿ ಗಾಳಿಯಾಡುವಂತೆ ಮಾಡಿದರೆ ಸಾಕಾದೀತು. ಗೆರೆ ಎಳೆದಂತೆ ಸಂದಿನ ಉದ್ದಕ್ಕೂ ಬೆವರಿದರೆ ಸಂದು ಬಿಟ್ಟಿದೆ. ಬೇಸಗೆಯಲ್ಲಿಯೂ ಬಿಡದೆ ಒಂದೇ ಜಾಗದಲ್ಲಿ ಮಚ್ಚೆಯಂತೆ ಬೆವರಿದರೆ ಒಳಗಿನ ನೊರೆ ನೀರು ಕುಡಿದಿದೆ. ಅಂಥ ಹಲಗೆಯನ್ನು ಬದಲಿಸದೆ ಗತ್ಯಂತರವಿಲ್ಲ.

ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೊಂದನ್ನು ಹೇಳಲೇಬೇಕು. ಒಳಮಗ್ಗುಲ ಸಂದಿನಲ್ಲಿ ಮಂಜು ಕಂಡೊಡನೆ ಒಳಗಿನಿಂದಲೇ ಸಿಲಿಕೋನ್ ಅಂಟನ್ನು ಮೆತ್ತಿಬಿಡುತ್ತಾರೆ. ತೇವ ಬರುತ್ತಿರುವುದು ಹೊರಗಿನಿಂದ. ಹೊರಗೆ ದಾರಿ ತೆರೆದಿಟ್ಟು ಒಳಗೆ ಮುಚ್ಚಿದರೆ ಬಂದ ನೀರು ಗೋಡೆಯಲ್ಲಿಯೇ ಸೆರೆಯಾಗಿ ನೊರೆಯನ್ನು ಇನ್ನಷ್ಟು ಬೇಗ ಕೆಡಿಸುವುದು. ಕಳ್ಳನನ್ನು ಹೆಬ್ಬಾಗಿಲಲ್ಲಿ ತಡೆಯಬೇಕೇ ಹೊರತು ಪಡಸಾಲೆಗೆ ಬಿಟ್ಟುಕೊಂಡು ಕೋಣೆಗೆ ಬೀಗ ಹಾಕಿದರೆ ಪ್ರಯೋಜನವಿಲ್ಲ. ಸಂದನ್ನು ಮೊದಲು ಮುಚ್ಚಬೇಕಾದದ್ದು ಹೊರಮಗ್ಗುಲಲ್ಲಿ.

ನೆಲದ ಅಡಿಯಲ್ಲಿ ಮಣ್ಣಿನ ತೇವ ಹೆಪ್ಪುಗಟ್ಟಿ ಹಿಗ್ಗಿ, ಕಾಲಕ್ರಮದಲ್ಲಿ ಕಾಂಕ್ರೀಟು ನೆಲವನ್ನೇ ಮೇಲಕ್ಕೆತ್ತಿ ಸೀಳುವುದೂ ಉಂಟು. ಚೆನ್ನಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ನೆಲಕ್ಕೆ ತಗುಲತೊಡಗಿದರೆ ಇದನ್ನೂ ಶಂಕಿಸಬೇಕು. ದೊಡ್ಡ ಶೈತ್ಯಾಗಾರಗಳಲ್ಲಿ ನೆಲದಡಿ ಗಾಳಿಕೊಳವೆಗಳನ್ನೋ ಹೀಟರುಗಳನ್ನೋ ಇರಿಸುವುದು ಈ ಕಾರಣದಿಂದಲೇ.

ಕೆಲಸದವರ ಪ್ರಾಣದ ಪ್ರಶ್ನೆ

ಇದು ಕೇವಲ ವಿದ್ಯುತ್ ಬಿಲ್ಲಿನ ಪ್ರಶ್ನೆಯಾಗಿದ್ದರೆ ಮಾಲೀಕರ ಪಾಡಿಗೆ ಬಿಡಬಹುದಾಗಿತ್ತು. ಬಿಲ್ಲಿನ ಮಾತೂ ಸಣ್ಣದಲ್ಲ. ಸೊನ್ನೆ ಡಿಗ್ರಿಯ ನೀರನ್ನು ಮಂಜುಗಡ್ಡೆ ಮಾಡಲು ತೆಗೆಯಬೇಕಾದ ಶಾಖದ ಎಂಟುಪಟ್ಟಿಗೂ ಹೆಚ್ಚಿನ ಶಾಖವನ್ನು, ಅಷ್ಟೇ ತೂಕದ ನೀರಾವಿಯನ್ನು ಮಂಜಾಗಿಸಲು ತೆಗೆಯಬೇಕಾಗುತ್ತದೆ. ಬಳಿಕ ಅದೇ ಮಂಜನ್ನು ಕರಗಿಸಲು ಮತ್ತೆ ಹೀಟರು ಉರಿಸಬೇಕು.

ಆದರೆ ಆ ಕೋಣೆಯೊಳಗೆ ಮನುಷ್ಯರು ಓಡಾಡುತ್ತಾರೆ. ತಲೆಯ ಮೇಲೆ ಐಸ್‌ಕ್ರೀಮಿನ ಪೆಟ್ಟಿಗೆ, ಮೀನಿನ ಟ್ರೇ ಹೊತ್ತ ಹುಡುಗ ಗಾಜಿನಂಥ ನೆಲದ ಮೇಲೆ ಕಾಲಿಡುತ್ತಾನೆ. ಚಾವಣಿಯ ಮಂಜಿನ ಕೋಲು ಯಾವಾಗ ಬಿದ್ದೀತೆಂದು ಹೇಳಲಾಗದು. ಎಲ್ಲಕ್ಕಿಂತ ಘೋರವಾದದ್ದು ಬಾಗಿಲು ಹೊರಗಿನಿಂದ ಮುಚ್ಚಿಕೊಳ್ಳುವುದು. ಒಳಗಿನಿಂದ ತಳ್ಳಿದರೆ ತೆರೆಯುವ ಹಿಡಿ ಪ್ರತಿಯೊಂದು ಶೈತ್ಯಾಗಾರಕ್ಕೂ ಇರಲೇಬೇಕು. ಆ ಹಿಡಿಯ ಮೇಲೆ ಮಂಜು ಕಟ್ಟಿ ಅದು ಅಲುಗಾಡದಂತಾಗಿದ್ದರೆ? ತೇವದ ರೋಗವನ್ನು ಅಸಡ್ಡೆ ಮಾಡುವವರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ದಿನಕ್ಕೊಮ್ಮೆ ಆ ಹಿಡಿಯನ್ನು ತಳ್ಳಿ ನೋಡುವುದೂ, ಒಳಗೆ ಒತ್ತಿದರೆ ಹೊರಗೆ ಮೊಳಗುವ ಗಂಟೆಯೊಂದನ್ನು ಇರಿಸುವುದೂ ದೊಡ್ಡ ಖರ್ಚಿನ ಕೆಲಸಗಳಲ್ಲ.

ಕೋಪದಿಂದ ಸುರುಳಿಯ ಮಂಜನ್ನು ಚಾಕುವಿನಿಂದ ಕುಟ್ಟುವವರೂ ಇದ್ದಾರೆ. ಸುರುಳಿಯ ಕೊಳವೆ ತೂತಾದರೆ ಗ್ಯಾಸು ಹೊರನುಗ್ಗುವುದು. ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಏರುವುದು.

ಪರಿಹಾರದ ಕ್ರಮ

ಮೊದಲು ಖರ್ಚಿಲ್ಲದ ಪರೀಕ್ಷೆಗಳು. ಗ್ಯಾಸ್ಕೆಟ್ಟಿನ ನಡುವೆ ಒಂದು ಕಾಗದದ ಪಟ್ಟಿಯನ್ನಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರು ಸರಿಯಿದೆ. ಸಡಿಲವಾಗಿ ಜಾರಿ ಬಂದರೆ ಅಲ್ಲಿಯೇ ದಾರಿ. ಬಾಗಿಲಿನ ನಾಲ್ಕು ಅಂಚುಗಳಲ್ಲಿಯೂ ಹೀಗೆ ಮಾಡಬೇಕು. ಒಳಗಿನ ಹಿಡಿ ಕೆಲಸಮಾಡುವುದೆಂದು ಖಚಿತಪಡಿಸಿಕೊಂಡ ಮೇಲೆ ಒಬ್ಬರು ಒಳಗೆ ದೀಪವಾರಿಸಿ ನಿಲ್ಲಲಿ. ಬಾಗಿಲ ಬಳಿಯನ್ನು ಬಿಟ್ಟು ಕದಲದ ಇನ್ನೊಬ್ಬರು ಹೊರಗಿನಿಂದ ಟಾರ್ಚು ಹಾಯಿಸಲಿ. ಬೆಳಕು ನುಸುಳುವಲ್ಲಿ ಗಾಳಿಯೂ ನುಸುಳುವುದು. ಒಂದು ದಿನವಿಡೀ ಬಾಗಿಲು ಎಷ್ಟು ಸಲ, ಎಷ್ಟು ಹೊತ್ತು ತೆರೆಯಿತೆಂದು ಪುಸ್ತಕದಲ್ಲಿ ಬರೆದಿಡಬೇಕು. ಎಷ್ಟೋ ಸಲ ರೋಗದ ಮೂಲ ಆ ಪುಟದಲ್ಲಿಯೇ ಸಿಗುವುದು.

ಆಮೇಲೆ ಅಭ್ಯಾಸಗಳು. ಬಿಸಿ ಪದಾರ್ಥವನ್ನು, ನೀರು ತೊಟ್ಟಿಕ್ಕುವ ಟ್ರೇಗಳನ್ನು ನೇರವಾಗಿ ಒಳಗಿಡಬಾರದು. ನೆಲವನ್ನು ನೀರು ಸುರಿದು ತೊಳೆಯಬಾರದು. ಸುರುಳಿಯ ಎದುರು ಚಾವಣಿಯವರೆಗೆ ಪೆಟ್ಟಿಗೆ ಪೇರಿಸಬಾರದು. ಕರೆಂಟು ಹೋದಾಗ ಬಾಗಿಲು ತೆರೆಯಲೇಬಾರದು. ಮಂಜು ಹೆಚ್ಚಿತೆಂದು ಥರ್ಮೊಸ್ಟಾಟನ್ನು ಇನ್ನೂ ಕೆಳಕ್ಕೆ ತಿರುಗಿಸುವುದು ವ್ಯರ್ಥ. ಬಂದ ತೇವವೆಲ್ಲ ಹೇಗೂ ಮಂಜಾಗಲೇಬೇಕು, ಯಂತ್ರಕ್ಕೆ ದಣಿವು ಮಾತ್ರ ಹೆಚ್ಚು.

ಹೊಸತಾಗಿ ಕಟ್ಟಿಸುವವರಿಗೆ ಮತ್ತೊಂದು ಸಲಹೆ. ನಮ್ಮ ಹಳೆಯ ಮನೆಗಳಲ್ಲಿ ಹೊರಗಿನಿಂದ ಬಂದವರು ಜಗಲಿಯ ಬಳಿ ಕಾಲು ತೊಳೆದು ಒಳಗೆ ಬರುತ್ತಿದ್ದರಷ್ಟೆ. ಗಾಳಿಗೂ ಅಂಥ ಒಂದು ಜಗಲಿ ಬೇಕು. ಶೈತ್ಯಾಗಾರದ ಮುಂದೆ 4 ಡಿಗ್ರಿಯ ಒಂದು ಸಣ್ಣ ಕೋಣೆಯಿದ್ದರೆ, ಘನ ಮೀಟರಿಗೆ 23 ಗ್ರಾಂ ನೀರು ಹೊತ್ತು ಬಂದ ಗಾಳಿಯು ಆರೇಳು ಗ್ರಾಂ ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಇಳಿಸುವುದು. ಸೊನ್ನೆಗಿಂತ ಮೇಲಿನ ಆ ಕೋಣೆಯಲ್ಲಿ ಅದು ನೀರಾಗಿಯೇ ಹರಿದುಹೋಗುವುದರಿಂದ ಮಂಜಿನ ಕಾಟ ಬಹುಮಟ್ಟಿಗೆ ತಪ್ಪುವುದು.

ಇನ್ನು ನಮ್ಮ ಮನೆಯ ಫ್ರಿಜ್ಜು. ಅದು ಇದೇ ಶೈತ್ಯಾಗಾರದ ಮರಿ, ನಿಯಮಗಳು ಬೇರೆಯಲ್ಲ. ಅದರ ಬಾಗಿಲಿಗೂ ಕಾಗದದ ಪರೀಕ್ಷೆ ಮಾಡಿ ನೋಡಿ. ಸಾರಿನ ಪಾತ್ರೆಯನ್ನು ಆರಿಸಿ ಮುಚ್ಚಿ ಇಡಿ. ಬಾಗಿಲು ತೆರೆದು ನಿಂತು, ಏನು ತಿನ್ನಲಿ ಎಂದು ಯೋಚಿಸುವ ಮಕ್ಕಳಿಗೆ, ಯೋಚನೆ ಮುಗಿಸಿಕೊಂಡು ಬಂದು ಬಾಗಿಲು ತೆರೆಯುವಂತೆ ತಿಳಿಹೇಳಿ. ಅಂಗಡಿಯಲ್ಲಿ ಐಸ್‌ಕ್ರೀಮಿನ ಡಬ್ಬಿಯ ಅಂಚಿನಲ್ಲಿ ಅಂಟಂಟು ಕಲೆಯಿದ್ದರೆ, ಬಟಾಣಿಯ ಪೊಟ್ಟಣ ಇಟ್ಟಿಗೆಯಂತೆ ಗಟ್ಟಿಯಾಗಿದ್ದರೆ, ಸಂಕೋಚಪಡದೆ ಬದಲಿಸಿಕೊಡಲು ಕೇಳಿ. ನಾಲ್ಕು ಮಂದಿ ಗಿರಾಕಿಗಳು ಹೀಗೆ ಕೇಳಿದರೆ ಐದನೆಯ ದಿನ ಅಂಗಡಿಯವರು ತಮ್ಮ ಬಾಗಿಲಿನ ರಬ್ಬರನ್ನು ಪರೀಕ್ಷಿಸದೆ ಇರಲಾರರು.